ಮೇ ತಿಂಗಳು ಮುಗಿಸುವ ಮುನ್ನ

ಏರುತಡಿ,
ಮೇ ತಿಂಗಳ ನಲವತ್ತೇಳನೆಯ ತಾರೀಖು, ೨೨೧೯

ನಮಗಿಂತ ಮೊದಲು ಈ ಕರಾವಳಿಯಲ್ಲಿ ಬಾಳಿದವರಿಗೆ ವಾರಿಜೆಯ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ನೀವು ನಗಬಹುದು, ಇಲ್ಲವೇ ಬರೆದವಳಿಗೆ ಸೆಕೆ ನೆತ್ತಿಗೇರಿದೆ ಎಂದುಕೊಳ್ಳಬಹುದು. ಎರಡಕ್ಕೂ ನನ್ನ ಅಡ್ಡಿಯಿಲ್ಲ. ನಿಮ್ಮ ಕಾಲದಲ್ಲಿ ಮೇ ತಿಂಗಳಿಗೆ ಮೂವತ್ತೊಂದೇ ದಿನ ಎಂದೂ, ಮಳೆ ಬರಲಿ ಬಿಡಲಿ ಮರುದಿನ ಜೂನ್ ಬಂದೇ ಬರುತ್ತಿತ್ತು ಎಂದೂ ನಾನು ಓದಿದ್ದೇನೆ. ನನ್ನ ಬರಹದಲ್ಲಿ ನೀವು ಕೇಳಿರದ ಪದಗಳು ಬರುತ್ತವೆ. ಕೇಳಿದ ಪದಗಳೂ ಬೇರೆ ಅರ್ಥ ಹೊತ್ತು ಬರಬಹುದು. ನಿಮ್ಮ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ನಡುವೆ ಬಹಳ ನೀರು ನುಗ್ಗಿದೆ, ಕ್ಷಮಿಸಬೇಕು. ಆದಷ್ಟು ಬಿಡಿಸಿ ಹೇಳುತ್ತೇನೆ.

ನಮ್ಮ ಹಿರಿಯರೂ ಬಹುಕಾಲ ನಿಮ್ಮಂತೆಯೇ ಎಣಿಸುತ್ತಿದ್ದರು. ಜೂನ್ ಒಂದಕ್ಕೆ ಶಾಲೆ ತೆರೆಯುವುದು, ಕೊಡೆ ಬಿಚ್ಚುವುದು, ದೋಣಿಗಳನ್ನು ದಡಕ್ಕೆಳೆದು ತೆಂಗಿನ ಮಡಲಿನ ಚಪ್ಪರದಡಿ ಮಲಗಿಸುವುದು ಎಲ್ಲವೂ ನಡೆಯುತ್ತಿತ್ತು. ಮಳೆ ಮಾತ್ರ ಬರುತ್ತಿರಲಿಲ್ಲ. ಕಡಲಿಗೆ ದೋಣಿಯಿಲ್ಲದೆ, ಗದ್ದೆಗೆ ನೀರಿಲ್ಲದೆ, ಜೂನ್ ಎಂಬ ಹೆಸರೊಂದನ್ನೇ ನೆಚ್ಚಿಕೊಂಡು ಜನ ಹಸಿದು ಕೂತರು. ಇನ್ನು ಕೆಲವು ವರ್ಷ ಅದು ತಿರುಗಾಮುರುಗಾ ಆಯಿತು. ಮೇ ನಡುವೆಯೇ ಕಡಲು ಎದ್ದು ಬಂತು; ಕ್ಯಾಲೆಂಡರಿನಲ್ಲಿ ಇನ್ನೂ ಬೇಸಿಗೆ ಇದ್ದುದರಿಂದ ಯಾರೂ ಜಾಗ ಬಿಟ್ಟು ಏಳಲಿಲ್ಲ. ಕೊನೆಗೆ ಊರು ಕೂಡಿ ತೀರ್ಮಾನಿಸಿತು: ಮಳೆಗಾಲ ನಿಜವಾಗಿ ಬಾಗಿಲಿಗೆ ಬರುವ ತನಕ ಮೇ ಮುಗಿಯಕೂಡದು, ಬರುವುದು ಖಾತ್ರಿಯಾದ ದಿನ ಜೂನ್ ಶುರು. ಹಾಗಾಗಿ ನಮ್ಮ ಮೇ ತಿಂಗಳು ಒಂದೊಂದು ವರ್ಷ ಒಂದೊಂದು ಉದ್ದ. ಜೂನ್ ಕೆಲವೊಮ್ಮೆ ಮದುವೆಗೆ ಬಂದ ದೂರದ ನೆಂಟರ ಹಾಗೆ ಉಂಡು ಕೈತೊಳೆದು ಹೊರಟುಬಿಡುತ್ತದೆ. ನಮ್ಮ ಕೇರಿಯ ಗಣಪಯ್ಯ ಹುಟ್ಟಿದ್ದು ಮೇ ಐವತ್ತೆಂಟಕ್ಕೆ. ಅಂಥ ತಾರೀಖು ಮತ್ತೆ ಬಂದದ್ದೇ ಅಪರೂಪ. ತಲೆ ಪೂರ್ತಿ ನರೆತರೂ ಅವನಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ ಎಂದು ಊರೆಲ್ಲ ಗೇಲಿ ಮಾಡುತ್ತದೆ.

ಮೇ ಮುಗಿಯಿತು ಎಂದು ಹೇಳುವ ಕೆಲಸ ನನ್ನದು. ಈ ಕೆಲಸದವರಿಗೆ ಮುಂಗಾಣಿ ಎಂದು ಹೆಸರು. ಊರಿನ ಬಾಯಲ್ಲಿ ನಾನು ಜೂನಕ್ಕ. ಬೇಸಿಗೆಯ ಕೊನೆಯಲ್ಲಿ ಕಡಲು, ಗಾಳಿ, ಮೋಡ, ಸೆಕೆ ಇವನ್ನೆಲ್ಲ ನೋಡಿ, ಅಳೆದು, ಮುಂದೆ ಏನು ಬರಲಿದೆ ಎಂದು ತಿಳಿಸಬೇಕು. ನಿಮ್ಮಲ್ಲಿ ಇದನ್ನು ಹವಾಮಾನ ಮುನ್ಸೂಚನೆ ಎನ್ನುತ್ತಿದ್ದರು, ಸುದ್ದಿಯ ತೀರಾ ಕೊನೆಗೆ, ಜನ ಊಟಕ್ಕೆ ಏಳುವ ಹೊತ್ತಿಗೆ ಓದುತ್ತಿದ್ದರಂತೆ. ನಮ್ಮಲ್ಲಿ ಇದನ್ನು ಕೇಳಲು ಜನ ಊಟ ಬಿಟ್ಟು ಬರುತ್ತಾರೆ.

ಊರಿಗೆ ಹೇಳುವ ಹಿಂದಿನ ದಿನ ಮುಂಗಾಣಿ ತಾನು ಕಂಡದ್ದನ್ನೆಲ್ಲ ಮೊದಲು ನಿಮಗೆ ಬರೆಯಬೇಕೆಂಬುದು ಇಲ್ಲಿನ ಪದ್ಧತಿ. ಇದಕ್ಕೆ ಹಿಂಬರಹ ಎನ್ನುತ್ತೇವೆ. ಕಾರಣ ಸರಳ. ಊರಿನವರ ಮುಖ ನೋಡುತ್ತ ಹೇಳುವಾಗ ನಾಲಿಗೆ ತಾನಾಗಿ ಬಾಗುತ್ತದೆ. ಒಬ್ಬರಿಗೆ ಬೇಸಿಗೆ ಒಂದು ದಿನ ಹೆಚ್ಚು ಬೇಕು, ಇನ್ನೊಬ್ಬರಿಗೆ ಒಂದು ದಿನ ಕಡಿಮೆ ಬೇಕು. ನಿಮಗೆ ನಮ್ಮಿಂದ ಏನೂ ಬೇಕಿಲ್ಲ. ನಿಮಗೆ ಸುಳ್ಳು ಹೇಳಿ ನನಗೆ ಆಗಬೇಕಾದ್ದೂ ಇಲ್ಲ. ಆದ್ದರಿಂದ ಮೊದಲು ನಿಮ್ಮೆದುರು ನಿಜ ಹೇಳಿ ರೂಢಿಮಾಡಿಕೊಂಡು, ಆಮೇಲೆ ಊರಿನೆದುರು ನಿಲ್ಲಬೇಕು. ಬರೆದದ್ದನ್ನು ಇಲ್ಲಿ ಯಾರೂ ಓದುವುದಿಲ್ಲ. ಮಣ್ಣಿನ ಕುಡಿಕೆಯೊಳಗಿಟ್ಟು, ಬಾಯಿಗೆ ಮೇಣ ಮೆತ್ತಿ, ಹಳೆಯ ಹೆದ್ದಾರಿಯ ಸೇತುವೆಯಿಂದ ಕಡಲಿಗೆ ಇಳಿಸುತ್ತೇವೆ. ನಿಮ್ಮ ಮನೆಗಳಿರುವುದು ಅಲ್ಲೇ ಕೆಳಗೆ. ಬೇರೆ ವಿಳಾಸ ನಮಗೆ ಗೊತ್ತಿಲ್ಲ.

ಏರುತಡಿ ಎಂಬ ಊರು ನಿಮ್ಮ ಕಾಲದಲ್ಲಿ ಇರಲಿಲ್ಲ. ಇದು ಬರೀ ಗುಡ್ಡವಾಗಿತ್ತು, ಗೇರುಮರ, ಮುಳ್ಳುಕಂಟಿ, ಮನೆ ಕಟ್ಟಲು ಕೆಂಪುಕಲ್ಲು ಕಡಿದು ತೆಗೆದ ಹೊಂಡಗಳು. ನಿಮ್ಮ ಪೇಟೆ, ಮೀನು ಮಾರ್ಕೆಟ್ಟು, ಬಸ್ ನಿಲ್ದಾಣ ಎಲ್ಲ ಈಗ ಕಡಲಿನೊಳಗಿವೆ. ಹೆದ್ದಾರಿಯ ಮೇಲ್ಸೇತುವೆಯ ಒಂದು ತುಂಡು ಮಾತ್ರ ನೀರಿನಿಂದ ಮೇಲೆ ನಿಂತಿದೆ. ಅದರ ಕಂಬಗಳಿಗೆ ಚಿಪ್ಪುಮೀನು ದಟ್ಟವಾಗಿ ಹಿಡಿದಿದೆ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ಮಟ್ಟದ ನೀರಿಗಿಳಿದು ಕಿತ್ತು ತರುತ್ತಾರೆ. ಮೇಲೆ ವೇಗದ ಮಿತಿ ಎಂಬತ್ತು ಎಂದು ಬರೆದ ಹಲಗೆಯೊಂದು ಉಳಿದಿದೆ. ಇದೇನೆಂದು ಮಕ್ಕಳು ಕೇಳಿದರೆ, ಅಷ್ಟೊಂದು ಅವಸರ ಯಾರಿಗಿತ್ತೋ ನಮಗೂ ಗೊತ್ತಿಲ್ಲ ಎನ್ನುತ್ತೇವೆ. ನಿಮ್ಮನ್ನು ಆಡಿಕೊಳ್ಳುವ ಉದ್ದೇಶವಿಲ್ಲ. ಆದರೂ ಸೆಕೆಯಲ್ಲಿ ಬೆಂದು ಕೂತಾಗ ಒಂದೆರಡು ಮಾತು ಬಾಯಿಗೆ ಬರುತ್ತದೆ.

ಈ ದಿನಗಳ ಸೆಕೆಯನ್ನು ನಾವು ಒದ್ದೆಬಿಸಿ ಎನ್ನುತ್ತೇವೆ. ಗಾಳಿಯ ತುಂಬ ನೀರಿನ ಪಸೆ ತುಂಬಿಕೊಂಡು, ಮೈ ಬೆವೆತರೂ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು. ಗಟ್ಟಿಮುಟ್ಟಾದವರೂ ನೆರಳಿನಲ್ಲಿ ಕೂತಲ್ಲೇ ಹೋಗಿಬಿಡುತ್ತಾರೆ. ನನ್ನ ಗಂಡ ಹೋದದ್ದು ಹಾಗೆಯೇ, ಬಲೆಯ ಹರಕು ಹೊಲಿಯುತ್ತ. ಸೂಜಿ ಕೈಯಲ್ಲೇ ಇತ್ತು. ಅದಕ್ಕಾಗಿ ಬಿಸಿಲೇರುತ್ತಿದ್ದಂತೆ ಊರಿಗೂರೇ ನೆಲದೊಳಗೆ ಇಳಿಯುತ್ತದೆ. ನೀವು ಕಲ್ಲು ಕಡಿದು ಬಿಟ್ಟುಹೋದ ಹೊಂಡಗಳಿಗೆ ಚಾವಣಿ ಹೊದಿಸಿ, ಇನ್ನೂ ಆಳಕ್ಕೆ ಅಗೆದು ಕಲ್ಲುಕೋಣೆ ಮಾಡಿಕೊಂಡಿದ್ದೇವೆ. ಕೆಂಪುಕಲ್ಲಿನ ಗೋಡೆಗೆ ಬೆನ್ನು ಕೊಟ್ಟರೆ ಜೀವ ಮರಳುತ್ತದೆ. ಬೆಳಕು ಹರಿಯುವ ಮೊದಲೇ ಅಡುಗೆ ಮುಗಿದಿರುತ್ತದೆ: ಕುಚ್ಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ, ಮುರುಗಲ ಹಣ್ಣಿನ ಸಾರು. ಅದನ್ನು ಹೊತ್ತುಕೊಂಡು ಚಾಪೆ ಸುತ್ತಿಕೊಂಡು ಇಳಿಯುತ್ತೇವೆ. ಕೆಳಗೆ ಯಾರ ಚಾಪೆ ಯಾರ ಪಕ್ಕ ಎಂಬುದಕ್ಕೆ ಪ್ರತಿ ಬೇಸಿಗೆಯೂ ಜಗಳವಿದ್ದದ್ದೇ. ಗೊರಕೆ ಹೊಡೆಯುವವರಿಗೆ ಬೇರೆ ಮೂಲೆ. ಮದುವೆ ಸಂಬಂಧಗಳು ಕುದುರುವುದೂ, ಮುರಿಯುವುದೂ ಅಲ್ಲಿಯೇ. ನಾನು ಇದನ್ನು ಬರೆಯುತ್ತಿರುವುದು ಅಂಥ ಮಧ್ಯಾಹ್ನವೊಂದರಲ್ಲಿ. ಸುತ್ತ ಎಲ್ಲರೂ ಕಣ್ಣು ಮುಚ್ಚಿದ್ದಾರೆ. ನಿದ್ದೆ ಹೋದವರು ಕಡಿಮೆ ಎಂದು ಉಸಿರು ಕೇಳಿದರೇ ತಿಳಿಯುತ್ತದೆ.

ಗುಡ್ಡದ ಬುಡದಲ್ಲಿ ಕೆಳಕೇರಿ. ಅಲ್ಲಿ ಗಜನಿ ಗದ್ದೆಗಳಿವೆ, ಅಂದರೆ ಹೊಳೆಯೂ ಕಡಲೂ ಕೂಡುವಲ್ಲಿನ ಸವುಳು ನೆಲ. ಅದರಲ್ಲಿ ಉಪ್ಪು ತಾಳುವ ಕಗ್ಗ ಎಂಬ ಭತ್ತ ಬೆಳೆಯುತ್ತೇವೆ. ಈ ಹೆಸರುಗಳು ನಿಮ್ಮವೇ, ನಾವು ಹಾಗೆಯೇ ಉಳಿಸಿಕೊಂಡಿದ್ದೇವೆ. ಗದ್ದೆಯ ಆಚೆ ಸಿಹಿನೀರಿನ ದೊಡ್ಡ ಕೆರೆ. ಮೇಲಿನವರಿಗೂ ಕೆಳಗಿನವರಿಗೂ ಕುಡಿಯಲು ಅದೊಂದೇ ನೀರು. ಕಡಲನ್ನು ಇವುಗಳಿಂದ ದೂರ ಇಟ್ಟಿರುವುದು ಅಳಿವೆಯ ಬಾಗಿಲು. ಹೊಳೆ ಕಡಲಿಗೆ ಸೇರುವ ಬಾಯಿಗೆ ಅಳಿವೆ ಎನ್ನುವುದು ನಿಮಗೆ ಗೊತ್ತು. ಅದಕ್ಕೆ ಅಡ್ಡಲಾಗಿ ಕಬ್ಬಿಣ ಮತ್ತು ಮರದ ಎರಡು ಹಲಗೆಗಳಿವೆ, ಒಂದೊಂದೂ ಒಂದು ಮನೆಯಷ್ಟು. ಬೇಸಿಗೆಯಿಡೀ ಅದು ತೆರೆದಿರುತ್ತದೆ, ದೋಣಿಗಳು ಅದರ ಮೂಲಕ ಹೋಗಿ ಬರುತ್ತವೆ. ಮೇ ಮುಗಿಸುವ ದಿನ, ಇಳಿತ ಪೂರ್ತಿ ಇಳಿದ ಹೊತ್ತು ನೋಡಿ ನಾನು ಸನ್ನೆ ಮಾಡಿದ ಕೂಡಲೇ, ಊರಿನ ಎಲ್ಲ ಕೈಗಳೂ ಹೊಸ್ತಿಲ ಮೇಲೆ ನಿಂತು ಹಗ್ಗ ಎಳೆದು ಅದನ್ನು ಮುಚ್ಚುತ್ತವೆ. ಒಮ್ಮೆ ಮುಚ್ಚಿ ಆಚೆಯಿಂದ ನೀರು ಒತ್ತಿದರೆ, ಶ್ರಾವಣದ ತನಕ ಅದನ್ನು ತೆರೆಯಲು ಮನುಷ್ಯರಿಂದ ಆಗದು. ಹೊರಗಿದ್ದ ದೋಣಿ ಹೊರಗೇ.

ಇನ್ನು ಮುಂಗಾಣಿಯನ್ನು ಆರಿಸುವ ಕ್ರಮ ಹೇಳಬೇಕು. ನಿಮಗೆ ಇದು ಕ್ರೂರವೆನಿಸಬಹುದು, ನನಗೂ ಎಷ್ಟೋ ಸಲ ಅನಿಸಿದೆ. ಯಾರ ಮನೆಯ ಒಂದು ಜೀವ ಕಡಲಲ್ಲಿ, ಇನ್ನೊಂದು ಜೀವ ಕೆಳಕೇರಿಯಲ್ಲಿ ಇದೆಯೋ ಅಂಥವರೇ ಮುಂಗಾಣಿ ಆಗಬೇಕು. ಗಾಳಿ ಓದುವುದು, ಲೆಕ್ಕ ಕಟ್ಟುವುದು ಕಲಿತರೆ ಬರುತ್ತದೆ; ಕರುಳು ಎರಡು ಕಡೆ ಎಳೆಯುವುದನ್ನು ಯಾರೂ ಕಲಿಸಲಾರರು. ಹಿಂದೆ ಮುನ್ಸೂಚನೆ ದೂರದ ಪಟ್ಟಣದಿಂದ ಬರುತ್ತಿತ್ತಂತೆ. ಹೇಳುವವರು ಒಳ್ಳೆಯವರೇ, ಚೆನ್ನಾಗಿ ಓದಿದವರೇ. ಆದರೆ ಅವರ ಮನೆಯವರು ಯಾರೂ ಕಡಲಲ್ಲಿ ಇರಲಿಲ್ಲ. ಮಾತು ತಪ್ಪಿದರೆ ಬೈಗುಳ ತಿನ್ನಬೇಕಲ್ಲ ಎಂದು ವಾರವಿಡೀ ಅಪಾಯ ಅಪಾಯ ಎಂದರು. ದಿನವೂ ಅಪಾಯ ಎಂದರೆ ಯಾರು ದಿನವೂ ಮನೆಯಲ್ಲಿ ಕೂತಾರು? ಮೀನುಗಾರರು ಕೇಳುವುದನ್ನೇ ಬಿಟ್ಟರು. ಅಂದಿನಿಂದ ಈ ಕ್ರಮ. ನಾನು ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದೆ. ಮಗಳು ತಾರಿಣಿ ಆಳಕಡಲಿಗೆ ಹೋಗುವ ದೂರದೋಣಿಗೆ ತಂಡೇಲಳಾದ ವರ್ಷ, ಅಂದರೆ ದೋಣಿಯೂ ಅದರಲ್ಲಿರುವ ಜೀವಗಳೂ ಅವಳ ಮಾತಿನಂತೆ ನಡೆಯುವಂತಾದ ವರ್ಷ, ಊರು ನನ್ನ ಮನೆ ಬಾಗಿಲಿಗೆ ಬಂದು ನಿಂತಿತು. ಕೆಳಕೇರಿಯಲ್ಲಿ ನನ್ನ ಅಣ್ಣ ಬೊಮ್ಮಯ್ಯ, ಅತ್ತಿಗೆ, ಅವರ ಮೊಮ್ಮಕ್ಕಳು ಇದ್ದಾರೆ. ಬೇಡ ಎನ್ನಲು ನನ್ನ ಬಳಿ ನೆಪ ಇರಲಿಲ್ಲ.

ಈಗ ಈ ವರ್ಷದ ಮುನ್ನೋಟ ಹೇಳುತ್ತೇನೆ. ಕಡಲಿನ ಮೇಲ್ಮೈ ಒಂದು ಪಕ್ಷದಿಂದ ಕಾದಿದೆ. ಕೈಯಿಟ್ಟರೆ ಸ್ನಾನಕ್ಕೆ ಕಾಯಿಸಿಟ್ಟ ನೀರಿನ ಹದ. ಬಂಗುಡೆ ಎಂದೋ ತಣ್ಣನೆಯ ಕಡೆಗೆ ಹೋಗಿದೆ, ದಡದ ತುಂಬ ಲೋಳೆಮೀನು ಬಂದು ಬಿದ್ದಿದೆ. ಆಳಕಡಲಲ್ಲಿ ನಾವು ನೆಟ್ಟ ತೇಲುಗೋಲುಗಳಿವೆ. ಅವು ಅಲೆಯ ಎತ್ತರವನ್ನೂ ಗಾಳಿಯ ಒತ್ತಡವನ್ನೂ ಅಳೆದು ಕಳಿಸುತ್ತವೆ. ನೈಋತ್ಯದ ಗೋಲುಗಳಲ್ಲಿ ಮೊನ್ನೆಯಿಂದ ಒತ್ತಡ ಕುಸಿಯುತ್ತಿದೆ. ನಿನ್ನೆ ಅತಿ ದೂರದ ಗೋಲು ಮಾತು ನಿಲ್ಲಿಸಿತು. ದಡದಲ್ಲಿ ಗಾಳಿಯೇ ಇಲ್ಲ, ಆದರೂ ಉದ್ದನೆಯ ನಿಧಾನವಾದ ಅಲೆಗಳು ಬಂದು ಮಗುಚುತ್ತಿವೆ. ಇಲ್ಲಿ ಗಾಳಿಯಿಲ್ಲದೆ ಅಲೆ ಬಂದರೆ, ಎಲ್ಲಿಯೋ ಗಾಳಿ ತನ್ನ ಕೆಲಸ ಶುರುಮಾಡಿದೆ ಎಂದರ್ಥ. ಒಂದು ದೊಡ್ಡ ಸುಳಿಗಾಳಿ ನೇರ ನಮ್ಮ ಅಳಿವೆಯ ದಿಕ್ಕಿಗೆ ಬರುತ್ತಿದೆ. ಅದರ ಬೆನ್ನಿಗೇ ಮಳೆಗಾಲವೂ ಬರುತ್ತದೆ. ನಾಳೆ ಅಮಾವಾಸ್ಯೆ, ವರ್ಷದಲ್ಲೇ ದೊಡ್ಡ ಉಬ್ಬರ. ಸುಳಿಗಾಳಿ ತಳ್ಳಿ ತರುವ ನೀರೂ ಉಬ್ಬರದ ನೀರೂ ನಾಳೆ ಕತ್ತಲಾದ ಮೇಲೆ ಒಟ್ಟಿಗೇ ದಡ ಮುಟ್ಟುತ್ತವೆ. ಬಾಗಿಲು ತೆರೆದಿದ್ದರೆ ಗದ್ದೆ ಮುಳುಗುತ್ತದೆ, ಕೆರೆಗೆ ಉಪ್ಪು ನುಗ್ಗುತ್ತದೆ. ಕೆಳಕೇರಿಯ ಎಲ್ಲರನ್ನೂ ಅಷ್ಟರೊಳಗೆ ಮೇಲೆ ಹತ್ತಿಸಲು ಆಗದು. ಹಾಸಿಗೆ ಹಿಡಿದವರಿದ್ದಾರೆ, ಬಾಣಂತಿಯರಿದ್ದಾರೆ. ಬಾಗಿಲು ಮುಚ್ಚಲು ನಾಳೆ ಬೆಳಗಿನ ಇಳಿತವೊಂದೇ ಉಳಿದಿರುವುದು. ಸಂಜೆಯ ಇಳಿತದ ಹೊತ್ತಿಗೆ ಹೊಸ್ತಿಲ ಮೇಲೆ ಮನುಷ್ಯರು ನಿಲ್ಲಲಾಗದಷ್ಟು ಅಲೆ ಎದ್ದಿರುತ್ತದೆ. ಲೆಕ್ಕವನ್ನು ಮತ್ತೆ ಮತ್ತೆ ಮಾಡಿದ್ದೇನೆ, ಬೇರೆ ಉತ್ತರ ಬರಲಿ ಎಂದು ಬೇಡಿಕೊಂಡೂ ಮಾಡಿದ್ದೇನೆ. ಅದೇ ಉತ್ತರ ಬಂತು.

ಮೂರು ದೂರದೋಣಿಗಳು ಹೊರಗಿವೆ. ಮುಂದಿನ ದೋಣಿಗೆ ತಾರಿಣಿ ತಂಡೇಲಳು, ಉಳಿದ ಎರಡು ಅವಳ ಹಿಂದೆ. ಅವರು ಹೊರಟ ದಿನ ಇದಾವುದರ ಸುಳಿವೂ ಇರಲಿಲ್ಲ. ಹೊರಡುವಾಗ ಹೇಳಿದ ಲೆಕ್ಕದಂತೆ ಅವರು ಅಳಿವೆ ಮುಟ್ಟುವುದು ನಾಳೆ ಸಂಜೆಗೆ.

ದೋಣಿಗಳಲ್ಲಿ ಕೇಳುಪೆಟ್ಟಿಗೆ ಇದೆ. ನಮ್ಮ ಮಾತು ಅವರಿಗೆ ಮುಟ್ಟುತ್ತದೆ, ಅವರ ಮಾತು ನಮಗೆ ಮುಟ್ಟುವುದಿಲ್ಲ. ಬಾಗಿಲು ಮುಚ್ಚುವ ಮುನ್ನ ಅವರಿಗೆ ಏನನ್ನೂ ಹೇಳುವಂತಿಲ್ಲ, ಹೇಳಿದರೆ ಅಷ್ಟರೊಳಗೆ ಒಳಸೇರುವ ಆಸೆಯಿಂದ ಇತ್ತಲೇ ನುಗ್ಗುತ್ತಾರೆ. ನಾಳೆ ನಾನು ಮೇ ಮುಗಿಸುವುದನ್ನು ಅವರೂ ಕೇಳುತ್ತಾರೆ. ಕೇಳಿದ ಕೂಡಲೇ ಉತ್ತರಕ್ಕೆ ತಿರುಗಿದರೆ, ಒಂದು ಹಗಲು ಒಂದು ರಾತ್ರಿಯ ದಾರಿಯಲ್ಲಿ ಗುಡ್ಡದ ಮರೆಯ ಬಂದರೊಂದಿದೆ. ಸುಳಿಗಾಳಿಯ ಅಂಚು ಮಾತ್ರ ಅವರನ್ನು ತಾಗುತ್ತದೆ, ಬದುಕುತ್ತಾರೆ. ಅರ್ಧ ದಿನ ಅನುಮಾನಿಸಿ, ಮನೆಯ ಕಡೆಗೇ ಬಂದು, ಆಮೇಲೆ ತಿರುಗಿದರೆ ಅದರ ಬಾಯಿಗೇ ಹೋಗುತ್ತಾರೆ.

ಬೆಳಿಗ್ಗೆ ಅಣ್ಣ ಗುಡ್ಡ ಹತ್ತಿ ಬಂದಿದ್ದ. ಅಲೆ ನೋಡಿ ಅವನಿಗೂ ಗೊತ್ತಾಗಿತ್ತು. ಜಗಲಿಯ ಮೇಲೆ ಕೂರಲೂ ಇಲ್ಲ. "ನೋಡು ತಂಗಿ, ಒಂದು ಬೆಳೆ ಹೋದ್ರೆ ಹೋಯ್ತು, ಮತ್ತೆ ಬಿತ್ತುವ. ಸಂಜೆವರೆಗೆ ತಡಿ. ಹುಡುಗಿ ಒಳಗೆ ಬರಲಿ" ಎಂದ. ಕೆಳಕೇರಿಯವನು ಬಂದು ಬಾಗಿಲು ತೆರೆದಿಡು ಎಂದು ಕೇಳಿದ್ದು ಇದೇ ಮೊದಲಿರಬೇಕು. ಕೆರೆಗೆ ಉಪ್ಪು ನುಗ್ಗಿದರೆ ನಿನ್ನ ಮೊಮ್ಮಕ್ಕಳಿಗೆ ಏನು ಕುಡಿಸುತ್ತೀ ಎಂದು ನಾನು ಕೇಳಿದೆ. ಅವನು ಹೆಗಲ ಪಂಜಿಯಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿದ. ಆಮೇಲೆ ಗುಡ್ಡ ಇಳಿದು ಹೋದ. ಅವನ ಮೇಲೆ ನನಗೆ ಸಿಟ್ಟು ಬಂತು, ಯಾಕೆಂದರೆ ನನ್ನ ಮನಸ್ಸಿನೊಳಗಿದ್ದುದನ್ನೇ ಅವನು ಬಾಯಿಬಿಟ್ಟು ಹೇಳಿದ್ದ.

ಅವನು ಹೋದ ಸ್ವಲ್ಪ ಹೊತ್ತಿಗೆ ಜುಲೇಖಾ ಬಂದಳು. ನಮ್ಮ ಪಕ್ಕದ ಮನೆ ಅವಳದು. ಅವಳ ಇಬ್ಬರು ಗಂಡುಮಕ್ಕಳೂ ತಾರಿಣಿಯ ದೋಣಿಯಲ್ಲಿದ್ದಾರೆ. ಅವಳ ಮಾತು ನಿಮಗೆ ಅರ್ಥವಾಗಬೇಕಾದರೆ ದೇವಪ್ಪ ಮಾಸ್ತರ ವಿಷಯ ಮೊದಲು ತಿಳಿದಿರಬೇಕು.

ದೇವಪ್ಪ ಮಾಸ್ತರು ನನಗಿಂತ ಮೊದಲಿನ ಮುಂಗಾಣಿ. ಹೂವಿನಂಥ ಮನುಷ್ಯ, ಗಾಳಿಯ ಓದಿನಲ್ಲಿ ಅವರನ್ನು ಮೀರಿಸಿದವರಿಲ್ಲ. ಒಂದು ವರ್ಷ ಅವರಿಗೂ ಹೀಗೆಯೇ ಬಂತು. ಅವರ ತಮ್ಮ ಹೊರಗಿದ್ದ, ಜುಲೇಖಾಳ ಗಂಡನೂ ಅದೇ ದೋಣಿಯಲ್ಲಿದ್ದ. ಮಾಸ್ತರು ಹಿಂಜರಿಯಲಿಲ್ಲ. ಸರಿಯಾದ ಇಳಿತಕ್ಕೆ ಮೇ ಮುಗಿಸಿದರು, ಬಾಗಿಲು ಬಿತ್ತು, ದೋಣಿಗಳಿಗೆ ಉತ್ತರಕ್ಕೆ ಹೋಗಿ ಎಂದೂ ಹೇಳಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಕೊನೆಯಲ್ಲಿ ತಮ್ಮದೇ ಎರಡು ಮಾತು ಸೇರಿಸಿದರು. ಜೋಪಾನ, ನಿಮಗಾಗಿ ಕಾಯುತ್ತಿದ್ದೇವೆ ಎಂದರು. ಕೇಳಿದ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಎಂಥ ಮಾತು ಎಂದರು. ಆ ಮಾತನ್ನು ದೋಣಿಯವರೂ ಕೇಳಿದರು. ಕಾಯುತ್ತಿದ್ದಾರೆ ಎಂದ ಮೇಲೆ ಬಾಗಿಲಿನ ಒಂದು ಹಲಗೆಯನ್ನಾದರೂ ಬಿಟ್ಟಿರುತ್ತಾರೆ ಎಂದುಕೊಂಡರೋ ಏನೋ, ಎಲ್ಲರೂ ಮನೆಯ ಕಡೆಗೇ ಬಂದರು. ಅವರು ಬಾಗಿಲಿಗೆ ಬಂದು ಬಡಿದ ಸದ್ದನ್ನು ಊರು ಒಳಗಿನಿಂದ ಕೇಳಿಸಿಕೊಂಡಿತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಕೈ ಬರುವುದಿಲ್ಲ. ಮಾಸ್ತರು ಆಮೇಲೆ ಮುಂಗಾಣಿಯ ಕೆಲಸ ಬಿಟ್ಟರು. ಇರುವಷ್ಟು ದಿನ ಹಿತ್ತಲಿನಲ್ಲಿ ಸೋರೆಬಳ್ಳಿಗೆ ನೀರು ಹಾಕಿಕೊಂಡಿದ್ದರು.

ಜುಲೇಖಾ ಬಂದವಳು ನನ್ನೆದುರು ಕೂತು, ತಂದಿದ್ದ ಸಿಗಡಿಯನ್ನು ಸುಲಿಯತೊಡಗಿದಳು. ಅವಳಿಗೆ ಕೈ ಖಾಲಿ ಇಟ್ಟುಕೊಂಡು ಮಾತಾಡಲು ಬಾರದು. "ವಾರಿಜಕ್ಕ, ನಾ ಬಾಗಿಲ ವಿಷಯ ಮಾತಾಡುಕೆ ಬಂದದ್ದಲ್ಲ. ಅದು ಏನು ಮಾಡ್ಬೇಕು ಅಂತ ನಿಂಗೆ ಗೊತ್ತದೆ" ಎಂದಳು. ಒಂದಷ್ಟು ಸುಲಿದು ಬದಿಗಿಟ್ಟಳು. "ಅವತ್ತು ಮಾಸ್ತರು ಅಷ್ಟು ಚೆಂದ ಮಾಡಿ ಹೇಳದಿದ್ದಿದ್ರೆ ನನ್ನ ಗಂಡ ಇರ್ತಿದ್ದ. ನೀ ಚೆಂದ ಮಾಡ್ಬೇಡ. ನನ್ನ ಮಕ್ಕಳಿಗೆ ಇಲ್ಲಿಗೆ ಬರುಕೆ ಒಂದು ಎಳೆ ಆಸೆನೂ ಉಳಿಸ್ಬೇಡ. ನಿನ್ನ ಮಗಳಿಗೂ." ಸುಲಿದ ಸಿಗಡಿಯನ್ನು ನನ್ನ ತಟ್ಟೆಗೆ ಸುರಿದು ಎದ್ದಳು. ನಾನು ಅದನ್ನು ಸಾರು ಮಾಡಿದೆ, ಉಣ್ಣಲಾಗಲಿಲ್ಲ.

ಜುಲೇಖಾ ಹೇಳಿದ ಮೇಲೆಯೇ ನನಗೆ ನನ್ನ ನಿಜವಾದ ಭಯ ಯಾವುದೆಂದು ಗೊತ್ತಾದದ್ದು. ತಾರಿಣಿಗೆ ನನ್ನ ಮೂಗು, ಅವಳಪ್ಪನ ಹಟ. ನಾನು ಗದರಿದರೆ ಅವಳು ನಗುತ್ತಾಳೆ. ಅಮ್ಮ ಹೊರಗೆ ಹುಲಿ, ಒಳಗೆ ಬೆಣ್ಣೆ ಎಂದು ದೋಣಿಯವರೆದುರೇ ಹಾಸ್ಯ ಮಾಡುತ್ತಾಳೆ. ಅಳಿವೆಯ ಬಾಗಿಲು ಮುಚ್ಚಿದೆ ಎಂದು ಬೇರೆ ಯಾರೇ ಹೇಳಿದರೂ ಅವಳು ನಂಬಿ ತಿರುಗುತ್ತಾಳೆ. ಹೇಳುವವಳು ನಾನಾದ್ದರಿಂದ ನಂಬದೇ ಹೋಗಬಹುದು. ಅಮ್ಮ ತನ್ನನ್ನು ಹೊರಗೆ ಬಿಟ್ಟು ಬಾಗಿಲು ಹಾಕುವುದುಂಟೇ, ಊರಿಗೆ ಕೇಳಲಿ ಎಂದು ಹಾಗೆ ಹೇಳಿರಬೇಕು, ನಾವು ಸಂಜೆಗೆ ಮುಟ್ಟಿದರೆ ಹೇಗೋ ಆಗುತ್ತದೆ ಎಂದುಕೊಂಡು ನೇರ ಬಂದರೆ? ಅವಳ ಹಿಂದೆ ಇನ್ನೆರಡು ದೋಣಿಗಳಿವೆ. ನನ್ನ ಪ್ರೀತಿಯ ಮೇಲಿನ ಅವಳ ಭರವಸೆಯೇ ಅವಳನ್ನು ಆ ಕಬ್ಬಿಣಕ್ಕೆ ತಂದು ಬಡಿಯುತ್ತದೆ. ಹೆತ್ತವಳು ಇಂಥದ್ದಕ್ಕೆ ಹೆದರಬೇಕಾಗಿ ಬಂದದ್ದು ನನಗೆ ತಡೆಯಲಾಗುತ್ತಿಲ್ಲ.

ನಾಳೆಯ ನುಡಿಗೂ ಕಟ್ಟುಗಳಿವೆ. ಯಾರ ಹೆಸರನ್ನೂ ಹಿಡಿದು ಕರೆಯುವಂತಿಲ್ಲ. ಎಲ್ಲ ದೋಣಿಗಳಿಗೂ ಒಂದೇ ಮಾತು. ತಾರಿಣೀ, ನಿಜಕ್ಕೂ ಮುಚ್ಚಿದ್ದೇನೆ ಕಣೇ, ನನ್ನಾಣೆ, ತಿರುಗಿ ಹೋಗು ಎಂದು ಹೇಳಿಬಿಟ್ಟರೆ ಎಲ್ಲವೂ ಮುಗಿಯುತ್ತಿತ್ತು. ಹೇಳುವಂತಿಲ್ಲ. ಉಳಿದ ಎರಡು ದೋಣಿಗಳಲ್ಲಿರುವವರೂ ಹೆತ್ತವರ ಮಕ್ಕಳೇ. ಅವರ ಅಮ್ಮಂದಿರಿಗೆ ಕೇಳುಪೆಟ್ಟಿಗೆಯ ಈ ತುದಿ ಸಿಗುವುದಿಲ್ಲ. ಕಟ್ಟು ನ್ಯಾಯವಾದದ್ದು. ನಾನೇ ಮುಂಗಾಣಿ ಆಗಿರದಿದ್ದರೆ ಮೆಚ್ಚಿಕೊಳ್ಳುತ್ತಿದ್ದೆ ಕೂಡ.

ಆದ್ದರಿಂದ ನಾಳೆಯ ಮಾತನ್ನು ಮಧ್ಯಾಹ್ನದಿಂದ ಹೊಂದಿಸುತ್ತ ಕೂತಿದ್ದೇನೆ. ಎಲ್ಲರಿಗೂ ಒಂದೇ ಆಗಿರಬೇಕು, ಆದರೆ ಅವಳಿಗೆ ತಾಗಬೇಕು. ಅವಳಿಗೆ ಸಿಟ್ಟು ಬರಬೇಕು. ಸಿಟ್ಟು ಬಂದರೆ ಅವಳು ವಾದಕ್ಕೆ ನಿಲ್ಲುವವಳಲ್ಲ, ಬೆನ್ನು ತಿರುಗಿಸಿ ಹೊರಟುಬಿಡುತ್ತಾಳೆ. ಚಿಕ್ಕಂದಿನಿಂದ ಅವಳ ಸ್ವಭಾವವೇ ಅದು. ಆ ಸಿಟ್ಟೊಂದನ್ನೇ ನಾನು ನೆಚ್ಚಿದ್ದೇನೆ. ಮುಂದೆ ಶ್ರಾವಣದಲ್ಲಿ ಬಾಗಿಲು ತೆರೆದಾಗ ಅವಳು ಬಂದು ನನ್ನೊಡನೆ ಮಾತು ಬಿಟ್ಟರೆ ಬಿಡಲಿ. ಮಾತು ಬಿಡಲಾದರೂ ಬರಲಿ.

ಹಿಂಬರಹದ ಕೊನೆಗೆ ನಿಮ್ಮಲ್ಲಿ ಏನಾದರೂ ಕೇಳಿಕೊಳ್ಳುವ ರೂಢಿ ಇದೆ. ಹಿಂದಿನ ಮುಂಗಾಣಿಗಳು ದೊಡ್ಡ ದೊಡ್ಡದನ್ನು ಕೇಳಿದ್ದಿರಬೇಕು: ಕಡಲನ್ನು ಕಾಯಿಸಬೇಡಿ, ಕಾಡು ಕಡಿಯಬೇಡಿ, ನಮ್ಮನ್ನು ನೆನೆಯಿರಿ. ನೀವು ಏನು ಮಾಡಿದಿರೋ ಅದು ಆಗಿಹೋಗಿದೆ. ನನಗೆ ಇವತ್ತು ಅಷ್ಟು ದೊಡ್ಡದನ್ನು ಕೇಳುವ ತ್ರಾಣವಿಲ್ಲ. ನಿಮ್ಮ ಕರಾವಳಿಯಲ್ಲೂ ಬೇಸಿಗೆಯ ಕೊನೆಗೆ ಯಾರೋ ಒಬ್ಬರು ನಿಂತು ಮುಂದಿನ ಹವಾಮಾನ ಹೇಳುತ್ತಿರುತ್ತಾರೆ. ಅವರ ಮಾತು ಒಣಗಿರಬಹುದು, ಕಟುವಾಗಿರಬಹುದು, ನಿಮ್ಮ ಹಬ್ಬ ಮದುವೆಗಳಿಗೆ ಅಡ್ಡ ಬರಬಹುದು. ಆಗ ಅವರನ್ನು ಕಲ್ಲೆದೆಯವರು ಎನ್ನಬೇಡಿ. ಮಾತನ್ನು ಅಷ್ಟು ಒಣಗಿಸಲು ಅವರಿಗೆ ಎಷ್ಟು ಹೊತ್ತು ಹಿಡಿದಿರುತ್ತದೋ ನಿಮಗೆ ಕಾಣುವುದಿಲ್ಲ. ಇಷ್ಟೇ ನನ್ನ ಬೇಡಿಕೆ.

ಬಿಸಿಲು ಇಳಿಯುತ್ತಿದೆ. ಚಾಪೆಗಳು ಸುತ್ತಿಕೊಳ್ಳುತ್ತಿವೆ, ಹೆಂಗಸರು ನನ್ನ ಕಡೆ ನೋಡಿ ಮುಖ ತಿರುಗಿಸುತ್ತಿದ್ದಾರೆ. ಕತ್ತಲಾಗುವ ಮೊದಲು ಸೇತುವೆಗೆ ಹೋಗಿ ಇದನ್ನು ನಿಮ್ಮಲ್ಲಿಗೆ ಇಳಿಸಬೇಕು. ನಾಳೆ ಬೆಳಗಿನ ಇಳಿತಕ್ಕೆ, ಬಾಗಿಲು ಕೂಡಿಕೊಂಡ ಮರುಗಳಿಗೆ, ನಾನು ಹೇಳಲಿರುವುದು ಇದು:

ಏರುತಡಿಯ ಎಲ್ಲರಿಗೂ, ಕಡಲಲ್ಲಿರುವ ಎಲ್ಲ ದೋಣಿಗಳಿಗೂ. ಮೇ ಮುಗಿಯಿತು. ನೈಋತ್ಯದಿಂದ ಭಾರೀ ಸುಳಿಗಾಳಿ ಬರುತ್ತಿದೆ, ಇಂದು ಕತ್ತಲಾದ ಮೇಲೆ ಉಬ್ಬರದೊಂದಿಗೆ ದಡ ಮುಟ್ಟುತ್ತದೆ. ಕೆಳಕೇರಿಯವರಲ್ಲಿ ಆಗುವವರೆಲ್ಲ ಮೇಲೆ ಹತ್ತಬೇಕು. ಅಳಿವೆಯ ಎರಡು ಹಲಗೆಗಳೂ ಮುಚ್ಚಿವೆ. ನಾನೇ ಹೊಸ್ತಿಲ ಮೇಲೆ ನಿಂತು ಹಗ್ಗ ಎಳೆದಿದ್ದೇನೆ. ದೂರದೋಣಿಯವರು ಈ ಮಾತು ಕೇಳಿದ ಗಳಿಗೆಯಲ್ಲೇ ಉತ್ತರಕ್ಕೆ ತಿರುಗಬೇಕು. ಇತ್ತ ಬರಬಾರದು. ಇಲ್ಲಿ ನಿಮಗಾಗಿ ಯಾರೂ ಕಾಯುತ್ತಿಲ್ಲ.

ಇದನ್ನು ಮೂರು ಸಲ ಹೇಳಬೇಕು, ದನಿ ನಡುಗದ ಹಾಗೆ. ಹೇಳುತ್ತೇನೆ. ಆದರೆ ಹಿಂಬರಹದಲ್ಲಿ ಸುಳ್ಳು ಇರಕೂಡದೆಂದು ನಿಯಮವಿರುವುದರಿಂದ, ಆ ಕೊನೆಯ ಮಾತೊಂದನ್ನು ನಿಮ್ಮೆದುರು ತಿದ್ದಿಬಿಡುತ್ತೇನೆ. ನಾನು ಕಾಯುತ್ತಿರುತ್ತೇನೆ.

ನಿಮ್ಮ ನಂತರದವಳು,
ವಾರಿಜೆ